ದಿನದ ಧಮ್ಮ ಚಿಂತನೆ: ನೀರಿನ ಜಗಳ



ಮುದುಕ, ರೋಗಿ, ಶವ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂದು ಶಾಲೆಯಲ್ಲಿ ಓದಿದ್ದೇವೆ. ಬಾಬಾಸಾಹೇಬರು ಇದನ್ನು ಒಪ್ಪಲಿಲ್ಲ. 29 ವರ್ಷ ಇವನ್ನೆಲ್ಲ ಕಾಣದೆ ಒಬ್ಬ ಬದುಕಿರಲು ಸಾಧ್ಯವೇ ಎಂದು ಕೇಳಿದರು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಕೊಡುವ ಕಾರಣ ರೋಹಿಣಿ ನದಿಯ ನೀರು. ಹೊಲದ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಹೊಡೆದಾಟವಾಯಿತು. ಸೇನಾಪತಿ ಯುದ್ಧದ ಠರಾವು ತಂದ. ಸಿದ್ಧಾರ್ಥ ಎದ್ದು ನಿಂತು, ನಮ್ಮವರೂ ಮೇಲೆ ಬಿದ್ದು ಹೋದದ್ದುಂಟು, ಮೊದಲು ವಿಚಾರಣೆಯಾಗಲಿ ಎಂದ. ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಆರಿಸುವ ಐದನೆಯವನು, ಇವರು ತೀರ್ಮಾನಿಸಲಿ. ಮತಕ್ಕೆ ಹಾಕಿದಾಗ ಸೋತ.

ಈ ಪಾಠ ನನಗೆ ಮನದಟ್ಟಾದದ್ದು ಇಂಗ್ಲೆಂಡಿನ ಒಂದು ಕಾಲುವೆಯಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗ ರಜೆಗೆಂದು ನ್ಯಾರೋಬೋಟ್ ಬಾಡಿಗೆಗೆ ಹಿಡಿದಿದ್ದ. 7 ಅಡಿ ಅಗಲದ ಉದ್ದನೆಯ ದೋಣಿ, ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ಟಾರ್ಡೆಬಿಗ್ ಎಂಬಲ್ಲಿ ಕಾಲುವೆ 30 ಲಾಕ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ. ದೋಣಿಯನ್ನು ಒಳಗೆ ನಿಲ್ಲಿಸಿ ನೀರು ಹೊರಬಿಟ್ಟರೆ ದೋಣಿಯೂ ಇಳಿಯುತ್ತದೆ. ಒಂದು ಸಲಕ್ಕೆ ಲಕ್ಷ ಲೀಟರಿಗೂ ಹೆಚ್ಚು ನೀರು!

ಅಂದು ಬೆಳಿಗ್ಗೆ ಒಂದು ಲಾಕ್ ದಾಟಿದ್ದೇ ತಡ, ದೋಣಿ ಕೆಸರಿಗೆ ಕೂತು ವಾಲಿತು. ಒಲೆ ಮೇಲಿದ್ದ ಅನ್ನದ ಪಾತ್ರೆ ಉರುಳಿತು. ಮುಂದಿನ ಲಾಕ್‌ವರೆಗೂ ನೀರೇ ಇಲ್ಲ. ಕೆಳಗಿನಿಂದ ದೋಣಿಯಲ್ಲಿ ಬಂದಿದ್ದ ಗಂಡ ಹೆಂಡತಿ ದಡ ಹತ್ತಿ ಬಂದರು. "ನೀರು ಖಾಲಿ ಮಾಡಿದ್ದು ನೀವೇ, ಗೊತ್ತಿಲ್ಲದವರು ಯಾಕೆ ಬರುತ್ತೀರಿ" ಎಂದ ಆತ.

"ಅಪ್ಪಾ, ಬಣ್ಣ ನೋಡಿ ಮಾತಾಡ್ತಿದಾನೆ" ಎಂದು ಮಗ ಕೆರಳಿದ. ಇದ್ದರೂ ಇದ್ದೀತು.

ಅಷ್ಟರಲ್ಲಿ ಮೊಮ್ಮಗಳು ಕೆಳಗಿನ ಲಾಕ್‌ಗೆ ಓಡಿ ನೋಡಿ ಬಂದಳು. ನೀರು ಬಿಡುವ ಹಲಗೆ ಅರ್ಧ ಎತ್ತಿಯೇ ಇತ್ತು, ಅದರಾಚೆಯ ಹಳೇ ಬಾಗಿಲೂ ಸೋರುತ್ತಿತ್ತು. ರಾತ್ರಿಯಿಡೀ ನೀರು ಹರಿದುಹೋಗಿದೆ. ಎತ್ತಿಟ್ಟವರು ಯಾರೋ ತಿಳಿಯಲಿಲ್ಲ. ಹಲಗೆ ಇಳಿಸಿ, ಮೇಲಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆವು. ಹೆಚ್ಚು ಬಿಟ್ಟರೆ ಮೇಲಿನ ಭಾಗ ಬತ್ತುತ್ತದೆ. ಹಾಗಾಗಿ ಮೇಲೆ ಅವರು, ಕೆಳಗೆ ನಾವು ಕಾವಲು. ದೋಣಿ ಎದ್ದು ತೇಲಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಮಗ, ಮೊದಲು ಆಡಿದ ಮಾತು ವಾಪಸ್ ತಗೊಳ್ಳಿ ಎಂದು ನೇರವಾಗಿ ಕೇಳಿದ. ಆಕೆ ಕ್ಷಮೆ ಕೇಳಿದರು. ಆತ ಕೇಳಲಿಲ್ಲ.

ಮಗ ಕೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ವಿಚಾರಣೆ ಎಂದರೆ ಎಲ್ಲರನ್ನೂ ಸುಮ್ಮನೆ ಬಿಡುವುದಲ್ಲ (ಶಾಂತಿಯ ಉಪದೇಶ ಯಾವಾಗಲೂ ನಮಗೇ ಏಕೆ ಬರುತ್ತದೋ!). ಮಹಾಡಿನ ಚವದಾರ್ ಕೆರೆಯನ್ನು ಪುರಸಭೆ ಎಲ್ಲರಿಗೂ ತೆರೆದಿತ್ತು, ತಡೆದವರು ಸವರ್ಣರು. ಅಲ್ಲಿ ಕಾರಣ ಕಣ್ಣೆದುರಿಗೇ ಇತ್ತು. ಅದಕ್ಕೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು.

ಗ್ರಂಥದ ಮೊದಲ ಖಂಡದಲ್ಲಿ ಶಾಕ್ಯ ಸಂಘದ ಸಭೆಯ ಭಾಗ ಇಂದು ಓದಿ. ಮತದಲ್ಲಿ ಸೋತ ಮೇಲೆ ಸಿದ್ಧಾರ್ಥ ಏನು ಮಾಡಿದ ಎಂಬುದನ್ನು ಭಾನುವಾರದ ಅಧ್ಯಯನಕ್ಕೆ ಬರೆದು ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.