ಫೈರ್ ಫೀಸ್ ಏರಿಸಿದರೆ ನಮ್ಮವರ ಮುನಿಸು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ನಗರಸಭೆಗೆ ಹೊಸದಾಗಿ ಆಯ್ಕೆಯಾದ ಕನ್ನಡತಿ. ಅಗ್ನಿಶಾಮಕ ಇಲಾಖೆಯ ಪರ್ಮಿಟ್ ಮತ್ತು ತಪಾಸಣೆ ಶುಲ್ಕ ಏರಿಸುವ ಪ್ರಸ್ತಾವ ಸಭೆಗೆ ಬರಲಿದೆ. ಖರ್ಚೆಲ್ಲ ಶುಲ್ಕದಿಂದಲೇ ಹುಟ್ಟಬೇಕು ಎನ್ನುತ್ತಾರೆ ಅಧಿಕಾರಿಗಳು. ನನಗಾಗಿ ಮನೆಮನೆ ಸುತ್ತಿದವರಲ್ಲಿ ಹೋಟೆಲ್ ನಡೆಸುವ ಕನ್ನಡದವರೇ ಹೆಚ್ಚು. ‘ನಮ್ಮವಳೇ ನಮ್ಮ ಹೊಟ್ಟೆ ಮೇಲೆ ಹೊಡೆದರೆ ಹೇಗೆ’ ಎಂದು ಕೇಳುತ್ತಿದ್ದಾರೆ. ಅಂಥ ಒಂದು ಹೋಟೆಲಿನಲ್ಲಿ ನಮ್ಮ ಯಜಮಾನರ ಸಣ್ಣ ಪಾಲೂ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಸ್ನೇಹಿತರ ಮುನಿಸು ಆಮೇಲಿನ ಮಾತು. ಮೊದಲು ಯಜಮಾನರ ಪಾಲಿನ ವಿಚಾರ ನೋಡೋಣ. ಅದನ್ನು ನೀವು ಪತ್ರದ ಕೊನೆಗೆ, ಹೇಳಿಯೂ ಹೇಳದ ಹಾಗೆ ಬರೆದಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇರುವ ರಾಜಕೀಯ ಸುಧಾರಣಾ ಕಾಯ್ದೆಯ ಪ್ರಕಾರ, ಒಂದು ವ್ಯಾಪಾರದಲ್ಲಿ 2,000 ಡಾಲರ್ ಅಥವಾ ಹೆಚ್ಚಿನ ಹೂಡಿಕೆ ಗಂಡನ ಹೆಸರಿನಲ್ಲಿದ್ದರೂ ಅದು ನಿಮ್ಮ ಹಿತಾಸಕ್ತಿಯೇ. ಊರಿನ ವ್ಯಾಪಾರಸ್ಥರಿಗೆಲ್ಲ ಒಂದೇ ತರಹ ತಟ್ಟುವ ತೀರ್ಮಾನಕ್ಕೆ ವಿನಾಯಿತಿ ಸಿಗಬಹುದು. ಅದನ್ನು ಹೇಳಬೇಕಾದವರು ಮಾತ್ರ ನೀವೂ ಅಲ್ಲ, ನಾನೂ ಅಲ್ಲ. ಸಿಟಿ ಅಟಾರ್ನಿಗೆ ಇವತ್ತೇ ಬರೆಯಿರಿ, ಉತ್ತರವನ್ನೂ ಬರಹದಲ್ಲೇ ಕೇಳಿ. ಅಲ್ಲಿಯವರೆಗೆ ಸಹ ಸದಸ್ಯರ ಹತ್ತಿರವಾಗಲಿ ಸಿಬ್ಬಂದಿಯ ಹತ್ತಿರವಾಗಲಿ ಈ ವಿಷಯ ಎತ್ತಬೇಡಿ. ‘ದೂರವಿರಿ’ ಎಂದು ಅವರು ಹೇಳಿದರೆ, ವಿಷಯ ಬಂದಾಗ ಕಾರಣ ತಿಳಿಸಿ ಎದ್ದು ಹೊರಗೆ ಹೋಗಿ. ನಿಮ್ಮ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮತ ಹಾಕಬಹುದು ಎಂದರೆ ಲೆಕ್ಕಕ್ಕೆ ಕೂರಬೇಕು. 2010ರಲ್ಲಿ ನಿಮ್ಮ ರಾಜ್ಯದ ಮತದಾರರು ಒಪ್ಪಿದ 26ನೇ ಪ್ರಪೊಸಿಷನ್ ಇಂಥ ಶುಲ್ಕಕ್ಕೆ ಕಡಿವಾಣ ಹಾಕಿದೆ. ಕೆಲಸಕ್ಕೆ ತಗಲುವ ನ್ಯಾಯವಾದ ಖರ್ಚನ್ನು ಮೀರಿ ವಸೂಲಿ ಮಾಡಿದರೆ ಅದು ತೆರಿಗೆ. ತೆರಿಗೆಗೆ ಮತದಾರರ ಒಪ್ಪಿಗೆ ಬೇಕು. ಮೀರಿಲ್ಲ ಎಂದು ತೋರಿಸುವ ಹೊಣೆಯೂ ನಗರಸಭೆಯದೇ. ಖರ್ಚಿಗಿಂತ ಕಡಿಮೆ ಇಡಲು ಅಡ್ಡಿಯಿಲ್ಲ, ಆದರೆ ಆ ಕೊರತೆಯನ್ನು ಜನರಲ್ ಫಂಡ್ ತುಂಬಬೇಕು. ಲೈಬ್ರರಿ, ಪಾರ್ಕುಗಳಿಗೆ ಹೋಗುವುದೂ ಆ ಹಣವೇ. ಈ ಮಾತು ನಿಮ್ಮ ಸ್ನೇಹಿತರ ಕಿವಿಗೂ ಬೀಳಲಿ.

ನೀವು ಕೆದಕಬೇಕಾದದ್ದು ಗಂಟೆಯ ದರವನ್ನು. ಇನ್‌ಸ್ಪೆಕ್ಟರ್ ಸಂಬಳ, ಪಿಂಚಣಿ, ವಾಹನ, ಕಚೇರಿ ಖರ್ಚು ಎಲ್ಲ ಸೇರಿಸಿ ಒಂದು ದರ ಕಟ್ಟುತ್ತಾರೆ, ಅದನ್ನು ಒಂದೊಂದು ತಪಾಸಣೆಗೆ ಹಿಡಿಯುವ ಗಂಟೆಗಳಿಂದ ಗುಣಿಸುತ್ತಾರೆ. ಆ ಗಂಟೆಗಳು ನಿಜವಾಗಿ ಬರೆದಿಟ್ಟವೋ, ಯಾರೋ ಕೂತು ಅಂದಾಜು ಹೊಡೆದವೋ? ತಪಾಸಣೆಗೆ ಹೋಗುವುದು ಒಬ್ಬ ಇನ್‌ಸ್ಪೆಕ್ಟರೋ, ಡ್ಯೂಟಿಯಲ್ಲಿರುವ ಇಡೀ ಎಂಜಿನ್ ತಂಡವೋ? ತಂಡವಾದರೆ, ಕರೆ ಬಾರದ ಹೊತ್ತಿನಲ್ಲೂ ಅವರ ಸಂಬಳ ಆಸ್ತಿ ತೆರಿಗೆ ಮುಂತಾದವುಗಳಿಂದ ಸಂದೇ ಇರುತ್ತದೆ. ಅಷ್ಟೂ ಜನರ ಗಂಟೆಯನ್ನು ದೋಸೆ ಹೋಟೆಲಿನ ಬಿಲ್ಲಿಗೆ ಹಾಕುವುದನ್ನು ಪ್ರಶ್ನಿಸಲೇಬೇಕು.

ನಾನಾಗಿದ್ದರೆ ಮೊದಲ ತಪಾಸಣೆಯ ಶುಲ್ಕ ಕಡಿಮೆ ಇಟ್ಟು, ಮರುತಪಾಸಣೆಗೆ ಪೂರ್ತಿ ಖರ್ಚು ಹಾಕುತ್ತಿದ್ದೆ. ಕಾವಲಿಯ ಮೇಲಿನ ಹುಡ್‌ನಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಇರುತ್ತದಲ್ಲ, ಅದನ್ನು ಆರು ತಿಂಗಳಿಗೊಮ್ಮೆ ಸರ್ವೀಸ್ ಮಾಡಿಸಬೇಕು. ಟ್ಯಾಗ್ ಮೇಲೆ ತಾರೀಖಿರುತ್ತದೆ. ಅದನ್ನು ಮಾಡಿಸಿ, ಡಕ್ಟ್‌ನ ಜಿಡ್ಡು ತೆಗೆಸಿ, ಹಿಂಬಾಗಿಲಿಗೆ ಅಕ್ಕಿ ಮೂಟೆ ಒರಗಿಸದೆ ಇಟ್ಟವನಿಗೆ ಒಂದೇ ಭೇಟಿ ಸಾಕು. ಮೂರು ಸಲ ಹೇಳಿಸಿಕೊಳ್ಳುವವನ ಖರ್ಚನ್ನು ಅವನೇ ಕೊಡಲಿ.

ಪರ್ಮಿಟ್ ದುಬಾರಿಯಾದರೆ ಜನ ಪರ್ಮಿಟ್ಟೇ ತೆಗೆಯುವುದಿಲ್ಲ, ಇದೂ ನೆನಪಿರಲಿ. 400 ಚದರ ಅಡಿ ಮೀರಿದ ಟೆಂಟಿಗೆ ನಿಮ್ಮಲ್ಲಿ ಪರ್ಮಿಟ್ ಬೇಕು. ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ದೊಡ್ಡ ಮೊತ್ತ ಕೇಳಿದರೆ, ‘ಯಾರು ನೋಡುತ್ತಾರೆ’ ಎನ್ನುವವರು ನಮ್ಮಲ್ಲೇನು ಕಡಿಮೆಯೇ? ಓಕ್ಲೆಂಡಿನ ಘೋಸ್ಟ್ ಶಿಪ್ ಗೋದಾಮಿನಲ್ಲಿ 2016ರ ಡಿಸೆಂಬರ್ 2ರ ರಾತ್ರಿ ಸಂಗೀತ ಕಾರ್ಯಕ್ರಮದ ವೇಳೆ ಬೆಂಕಿ ಬಿದ್ದು 36 ಮಂದಿ ಸತ್ತರು. ಅಲ್ಲಿ ವಾಸಕ್ಕೂ ಪರ್ಮಿಟ್ ಇರಲಿಲ್ಲ, ಕಾರ್ಯಕ್ರಮಕ್ಕೂ ಇರಲಿಲ್ಲ. 2020ರಲ್ಲಿ ಆ ನಗರ 32.7 ಮಿಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಶಾಲೆ, ವಸತಿಗೃಹ, ಅಪಾರ್ಟ್‌ಮೆಂಟುಗಳ ಕಡ್ಡಾಯ ತಪಾಸಣೆ ಎಷ್ಟು ನಡೆದಿದೆ ಎಂದು ಇಲಾಖೆ ಪ್ರತಿವರ್ಷ ನಗರಸಭೆಗೆ ವರದಿ ಕೊಡಬೇಕೆಂಬ ಕಾನೂನು ನಿಮ್ಮ ರಾಜ್ಯದಲ್ಲಿ 2018ರಲ್ಲಿ ಆಗಿದೆ. ಶುಲ್ಕ ಏರಿಸುವ ಮುನ್ನ ಆ ವರದಿ ತರಿಸಿ ಓದಿ. ತಪಾಸಣೆಯೇ ಪೂರ್ತಿ ನಡೆಯದ ಇಲಾಖೆ ಪೂರ್ತಿ ಖರ್ಚು ಕೇಳುವುದು ಅಧಿಕಪ್ರಸಂಗ.

ಇನ್ನು ನಿಮ್ಮವರು. ಅಟಾರ್ನಿ ಒಪ್ಪಿದ ಮೇಲೆ, ಮತ ಹಾಕುವ ಮುಂಚೆಯೇ ಅವರನ್ನು ಕರೆದು ಅಂಕಿಅಂಶ ಮುಂದಿಡಿ. ಮಾತು ಕೊಡಬೇಡಿ. ಅಜೆಂಡಾ ಸಭೆಗೆ 72 ಗಂಟೆ ಮೊದಲು ಪ್ರಕಟವಾಗುತ್ತದೆ. ಆಕ್ಷೇಪವಿದ್ದರೆ ನಿಮ್ಮ ಅಡುಗೆಮನೆಗೆ ಬಂದು ಹೇಳುವ ಬದಲು ಸಭೆಗೆ ಬಂದು, ಎಲ್ಲರೆದುರು ಮೈಕಿನಲ್ಲಿ ಹೇಳಲಿ.