ಹಳ್ಳಿಯ ಅಂಗಡಿಗೆ ನ್ಯಾಯವಾದ ಸಗಟು ಧಾರಣೆ

ನ್ಯಾಮತಿ ತಾಲ್ಲೂಕಿನ ಸವಳಂಗವು ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯಲ್ಲಿರುವ ಗ್ರಾಮವು. ಇಂಥ ಗ್ರಾಮಗಳಲ್ಲಿ ಬಿತ್ತನೆಯ ಕಾಲಕ್ಕೆ ಕೈಯಲ್ಲಿ ಹಣವಿಲ್ಲದ ಕೂಲಿಗಾರನಿಗೂ ಸಣ್ಣ ಹಿಡುವಳಿದಾರನಿಗೂ ಎಣ್ಣೆ, ಬೇಳೆ, ಸಾಬೂನುಗಳನ್ನು ಒಕ್ಕಣೆಯವರೆಗೆ ಉದ್ದರಿ ಕೊಡತಕ್ಕವನು ಕಿರಾಣಿ ಅಂಗಡಿಯವನು. ಅವನ ಅಂಗಡಿಯು ಮುಚ್ಚಿದಲ್ಲಿ ನಷ್ಟವು ಗ್ರಾಮಕ್ಕೆಲ್ಲಾ ತಟ್ಟುವುದು.

ವ್ಯತ್ಯಾಸದ ಪರೀಕ್ಷೆ

ಉದಾಹರಣೆಗೆ, ೧೦೦ ರೂಪಾಯಿ ಗರಿಷ್ಠ ಬೆಲೆ ಮುದ್ರಿತವಾದ ಒಂದು ಪದಾರ್ಥವು ಹಳ್ಳಿಯ ಅಂಗಡಿಗೆ ೯೨ ರೂಪಾಯಿಗೂ ಪೇಟೆಯ ದೊಡ್ಡ ಮಳಿಗೆಗೆ ೮೨ ರೂಪಾಯಿಗೂ ದೊರೆಯುವುದೆಂದು ಭಾವಿಸೋಣ. ಲಾರಿ ತುಂಬ ಸರಕನ್ನು ಒಂದೇ ಸ್ಥಳದಲ್ಲಿ ಇಳಿಸುವುದರಿಂದ ತಯಾರಕನಿಗೆ ಸಾಗಣೆ ಮೊದಲಾದ ವೆಚ್ಚದಲ್ಲಿ ೪ ರೂಪಾಯಿ ಉಳಿದರೆ, ಅಷ್ಟು ರಿಯಾಯಿತಿಯು ನ್ಯಾಯವೇ ಸರಿ. ಮಿಕ್ಕ ೬ ರೂಪಾಯಿಗೆ ಕೊಳ್ಳುವವನ ಬಲದ ಹೊರತು ಬೇರೆ ಆಧಾರವಿಲ್ಲ. ಮಳಿಗೆಯು ೯೦ ರೂಪಾಯಿಗೆ ಮಾರಿ ೮ ರೂಪಾಯಿ ಉಳಿಸಿಕೊಳ್ಳುವಾಗ, ಅದೇ ಬೆಲೆಗೆ ಮಾರಿದ ಹಳ್ಳಿಯವನು ೨ ರೂಪಾಯಿ ಕಳೆದುಕೊಳ್ಳುವನು.

ಕಾನೂನಿನ ಆಶ್ರಯ

ಅಮೆರಿಕಾ ದೇಶವು ೧೯೩೬ರ ರಾಬಿನ್ಸನ್-ಪ್ಯಾಟ್ಮನ್ ಶಾಸನದಿಂದ ಇಂಥ ಭೇದವನ್ನು ನಿರ್ಬಂಧಿಸಿ, ವೆಚ್ಚದ ಉಳಿತಾಯಕ್ಕೆ ತಕ್ಕ ವ್ಯತ್ಯಾಸವನ್ನು ಒಪ್ಪಿತು. ಭಾರತದ ೨೦೦೨ರ ಸ್ಪರ್ಧಾ ಕಾಯಿದೆಯ ೪ನೆಯ ಕಲಮು ೨೦೦೯ರಲ್ಲಿ ಜಾರಿಗೆ ಬಂದಿತು. ಮಾರುಕಟ್ಟೆಯಲ್ಲಿ ಪ್ರಬಲವಾದ ಸಂಸ್ಥೆಯು ಭೇದದ ಬೆಲೆ ವಿಧಿಸುವುದನ್ನು ಅದು ನಿಷೇಧಿಸುತ್ತದೆ. ಪ್ರಾಬಲ್ಯವಿಲ್ಲದ ತಯಾರಕನಿಗೆ ಈ ಕಲಮು ಅನ್ವಯಿಸದು. ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟವು ೨೦೨೧ರ ಡಿಸೆಂಬರಿನಲ್ಲಿ, ದೊಡ್ಡ ಸಗಟು ಸಂಸ್ಥೆಗಳಿಗೆ ಕೊಡುವ ಧಾರಣೆಯನ್ನೇ ತಮಗೂ ಕೊಡಬೇಕೆಂದು ತಯಾರಕರನ್ನು ಕೇಳಿ, ೨೦೨೨ರ ಜನವರಿ ೧ರಿಂದ ಅಸಹಕಾರ ಹೂಡುವುದಾಗಿ ತಿಳಿಸಿತು.

ಗ್ರಾಮದಲ್ಲಿಯೇ ಮಾಡತಕ್ಕ ಉಪಾಯ

ಕಾನೂನು ನಿಧಾನವಾದರೂ ಕೂಡಿ ಕೊಳ್ಳುವ ಬಲವು ಗ್ರಾಮಸ್ಥರ ಕೈಯಲ್ಲಿದೆ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ೧೮೪೪ರಲ್ಲಿ ಕೆಲವರು ಬಡ ನೇಕಾರರೂ ಕಸಬುದಾರರೂ ೨೮ ಪೌಂಡು ಮೂಲಧನದಿಂದ ಸಹಕಾರದ ಅಂಗಡಿಯನ್ನು ತೆರೆದರು. ನಮ್ಮ ನಾಡಿನಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು.

೧. ಸುತ್ತಲಿನ ಅಂಗಡಿಯವರು ಸಹಕಾರ ಸಂಘದ ಮೂಲಕ ಬೇಡಿಕೆಗಳನ್ನು ಒಟ್ಟುಗೂಡಿಸಿ ಒಂದೇ ಲಾರಿಯಲ್ಲಿ ಸರಕು ತರಿಸತಕ್ಕದ್ದು.

೨. ಭೂಮಾಲಿಕರು ಉಗ್ರಾಣದ ಒಂದು ಭಾಗವನ್ನು ಮಿತವಾದ ಬಾಡಿಗೆಗೆ ಒದಗಿಸಬಹುದು.

೩. ಪ್ರತಿಯೊಂದು ಖರೀದಿಯ ರಸೀದಿಯನ್ನೂ ಇಟ್ಟುಕೊಂಡು ಧಾರಣೆಗಳನ್ನು ತಾಳೆ ನೋಡತಕ್ಕದ್ದು. ದೂರು ಕೊಡಬೇಕಾದಾಗ ಅದೇ ಸಾಕ್ಷ್ಯವು.

೪. ಅಂಗಡಿಯವರು ತಮ್ಮೊಳಗೆ ಮಾರಾಟದ ಬೆಲೆಯನ್ನು ಗೊತ್ತುಮಾಡಿಕೊಳ್ಳಕೂಡದು. ಅದನ್ನೂ ಮೇಲ್ಕಂಡ ಕಾಯಿದೆಯೇ ನಿಷೇಧಿಸಿದೆ.

ಕೂಡಿ ಕೊಂಡುದರಿಂದ ಉಳಿದ ಹಣದಲ್ಲಿ ಒಂದು ಪಾಲು ಗಿರಾಕಿಗೂ ಸಲ್ಲಬೇಕು. ಹಾಗಾದಲ್ಲಿ ಅಂಗಡಿಯೂ ನಿಲ್ಲುವುದು, ಬಿತ್ತನೆಯ ಕಾಲದ ಉದ್ದರಿಯೂ ನಿಲ್ಲುವುದು.