ಬೇಲಿ ಸಾಲಿನ ಕಳೆ: ಹೂವಿಗೆ ಮೊದಲೇ ಕೀಳಿರಿ

ಹೊಲದೊಳಗೆ ಎರಡೆರಡು ಬಾರಿ ಕುಂಟೆ ಹೊಡೆದು, ಆಳು ಹಚ್ಚಿ ಕಳೆ ತೆಗೆಸುವವರೂ ಬೇಲಿಯ ಬುಡವನ್ನು ಹಾಗೆಯೇ ಬಿಡುವುದುಂಟು. ಕುಂಟೆ ಅಲ್ಲಿಗೆ ತಲುಪದು, ಆ ನೆಲದಿಂದ ಬೆಳೆಯೂ ಬಾರದು. ಆದರೆ ಸೂರ್ಯಕಾಂತಿ, ಶೇಂಗಾ ಬೆಳೆಯುವವರಿಗೆ ಈ ಎರಡು ಮೊಳದ ಪಟ್ಟಿಯಿಂದಲೇ ಫಸಲು ಕೈತಪ್ಪಿ ಹೋಗಬಹುದು.

ಬೇಲಿ ಸಾಲಿನಲ್ಲಿ ಹೆಚ್ಚಾಗಿ ಕಾಣುವುದು ಪಾರ್ಥೇನಿಯಂ, ಅಂದರೆ ನಮ್ಮವರು ಹೇಳುವ ಕಾಂಗ್ರೆಸ್ ಕಳೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆಂಬುದು ನಿಮಗೆ ಗೊತ್ತೇ ಇದೆ. ಬೀಜಕ್ಕಿಂತ ಮೊದಲೇ ಕೇಡು ತರುವುದು ಅದರ ಹೂವಿನ ಪರಾಗ. ಟೊಬ್ಯಾಕೊ ಸ್ಟ್ರೀಕ್ ಎಂಬ ನಂಜಾಣು ಈ ಕಳೆಯಲ್ಲಿ ರೋಗದ ಯಾವ ಚಿಹ್ನೆಯನ್ನೂ ತೋರದೆ ಉಳಿದಿರುತ್ತದೆ. ಹೂವಿನಲ್ಲಿರುವ ಥ್ರಿಪ್ಸ್ ನುಸಿಗಳು ನಂಜು ಸೇರಿದ ಪರಾಗವನ್ನು ಮೈಗೆ ಅಂಟಿಸಿಕೊಂಡು ಬೆಳೆಯ ಮೇಲೆ ಕೂರುತ್ತವೆ. ಅವು ಎಲೆಯನ್ನು ಕೆರೆದು ಮಾಡಿದ ಗಾಯದ ಮೂಲಕ ನಂಜು ಒಳಸೇರುತ್ತದೆ. ಗಾಳಿಗೂ ಪರಾಗ ಹಾರಿಬರುತ್ತದೆ. ಎಳೆಯದರಲ್ಲೇ ರೋಗ ತಗುಲಿದ ಗಿಡ ಕಾಳು ಕಟ್ಟುವುದಿಲ್ಲ. ತಗುಲಿದ ಮೇಲೆ ವಾಸಿಮಾಡುವ ಔಷಧಿಯೂ ಇಲ್ಲ.

ಸೂರ್ಯಕಾಂತಿಯಲ್ಲಿ ಈ ರೋಗ 1997ರಲ್ಲಿ ಬಾಗೇಪಲ್ಲಿ ಸೀಮೆಯಲ್ಲಿ ಕಾಣಿಸಿಕೊಂಡಿತು. 2000ನೇ ಇಸವಿಯಲ್ಲಿ ನೆರೆಯ ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾ ಇದಕ್ಕೆ ತುತ್ತಾಯಿತು.

ಆದ್ದರಿಂದ ಕಳೆ ಕೀಳುವ ಕೆಲಸದಲ್ಲಿ ಮುಖ್ಯವಾದುದು ಕಾಲ. ಮುಂಗಾರಿಗೆ ಮೊದಲಿನ ಮಳೆಗೇ ಈ ಬೀಜ ಮೊಳೆಯುತ್ತದೆ. ಸುಮಾರು ಒಂದು ತಿಂಗಳಿಗೆ ಹೂ ಬಿಡುತ್ತದೆ. ಮೂರು ವಾರಕ್ಕೊಮ್ಮೆ ಬೇಲಿ ಸುತ್ತಿ ಬಂದರೆ ಹೂ ಕಾಣುವ ಪ್ರಸಂಗವೇ ಬಾರದು. ಮಳೆ ಬಿದ್ದ ಮರುದಿನ, ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಿರಿ. ಕುಡುಗೋಲಿನಿಂದ ಕೊಯ್ದು ಬಿಟ್ಟರೆ ಬುಡದಿಂದ ಹಲವು ಕವಲೊಡೆದು ಇನ್ನೂ ಬೇಗ ಹೂ ಬರುತ್ತದೆ. ಕೈಗೆ ಗವಸು ಇಲ್ಲವೇ ದಪ್ಪ ಬಟ್ಟೆ ಇರಲಿ. ಮೈ ತುರಿಕೆ, ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದ್ದನ್ನು ಹಾಕಿದರೆ ಗೊಬ್ಬರದೊಂದಿಗೆ ಕಳೆಯನ್ನೂ ಹೊಲಕ್ಕೆ ಬಿತ್ತಿದಂತಾಗುತ್ತದೆ.

ಲಂಟಾನವಿದ್ದರೆ ಹಣ್ಣು ಬಿಡುವ ಮೊದಲೇ ಪಿಕಾಸಿಯಿಂದ ಬೇರಿನ ಗಡ್ಡೆಸಮೇತ ಅಗೆದು ತೆಗೆಯಿರಿ. ಜೇಕಿಗೆ ಮಾತ್ರ ಬೇಲಿಯಂಚಿನಲ್ಲಿ ನೇಗಿಲು ಹಾಯಿಸಬೇಡಿ, ಗಡ್ಡೆಗಳು ಚದುರಿ ಹೊಲಕ್ಕೆ ಬರುತ್ತವೆ.

ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಮತ್ತೆ ಅದೇ ಕಳೆ. ಸೂರ್ಯಕಾಂತಿ ಅಥವಾ ಶೇಂಗಾ ಹೊಲವಾದರೆ ಬೇಲಿಯ ಒಳಬದಿಗೆ ಜೋಳವನ್ನು ನಾಲ್ಕು ಸಾಲು ದಟ್ಟವಾಗಿ, ಬೆಳೆಗಿಂತ ಮೊದಲು ಇಲ್ಲವೇ ಜೊತೆಗೇ ಬಿತ್ತಿರಿ. ಎತ್ತರಕ್ಕೆ ಬೆಳೆದ ಜೋಳ ಹಾರಿಬರುವ ಪರಾಗಕ್ಕೂ ನುಸಿಗೂ ಅಡ್ಡ ನಿಲ್ಲುತ್ತದೆ. ಅಲಸಂದೆ, ಹೆಸರು, ಉದ್ದು ಈ ಸಾಲಿಗೆ ಬೇಡ. ಅವಕ್ಕೂ ಇದೇ ನಂಜು ತಗುಲುತ್ತದೆ. (ಎಳೆಯ ಜೋಳ ದನಕ್ಕೆ ವಿಷವೆಂಬುದು ನೆನಪಿರಲಿ, ಹೂ ಬಂದ ಮೇಲಷ್ಟೇ ಮೇವಿಗೆ ಕೊಯ್ಯಿರಿ.) ಇಳಿಜಾರಿನ ಹೊಲಕ್ಕೆ ಲಾವಂಚ ಒಳ್ಳೆಯದು. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಅದನ್ನು ಗಡಿಗೆ ನೆಟ್ಟವರು. ಅದು ಗರಿಕೆಯಂತೆ ಹೊಲದೊಳಗೆ ಹರಿದು ಬರುವುದಿಲ್ಲ, ಮಣ್ಣನ್ನೂ ಹಿಡಿಯುತ್ತದೆ. ತೋಟದ ಬೇಲಿಗೆ ತೆಂಗಿನ ಗರಿ ಅಥವಾ ಕಬ್ಬಿನ ತರಗಿನ ಹೊದಿಕೆ ಸಾಕು. ಮರದ ಕಂಬವಿದ್ದರೆ ಅರ್ಧ ಅಡಿ ದೂರವಿಡಿ, ಗೆದ್ದಲು ಹತ್ತೀತು.

ಉಪ್ಪಿನ ನೀರು ಸಿಂಪಡಿಸಿದರೆ ಪಾರ್ಥೇನಿಯಂ ಒಣಗುವುದು ನಿಜ. ರಸ್ತೆಬದಿಗೆ ಅದು ಸರಿ. ಬೇಲಿಯಲ್ಲಿ ತಂತಿ ತುಕ್ಕು ಹಿಡಿಯುತ್ತದೆ, ಮಣ್ಣೂ ಕೆಡುತ್ತದೆ. 2,4-ಡಿ ಗಾಳಿಗೆ ತೇಲಿ ಬಂದರೆ ಹತ್ತಿ, ಟೊಮೇಟೊ, ದ್ರಾಕ್ಷಿ ಎಲೆಗಳು ಮುರುಟಿಕೊಳ್ಳುತ್ತವೆ. ಪ್ಯಾರಾಕ್ವಾಟ್ ಹೊಟ್ಟೆ ಸೇರಿದರೆ ಅದಕ್ಕೆ ಮದ್ದಿಲ್ಲ, ಮನೆಯೊಳಗೆ ಇಡಲೇಬೇಡಿ. ಎರಡು ಮೊಳದ ಪಟ್ಟಿಗೆ ಇವುಗಳ ಅಗತ್ಯವೂ ಇಲ್ಲ.

ಪಾರ್ಥೇನಿಯಂ ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಬೀಳು ಭೂಮಿಯ ಕಳೆಯನ್ನು ಅದು ಚೆನ್ನಾಗಿ ಮೇಯುತ್ತದೆ, ಅಲ್ಲಿ ಮೇಯಲಿ. ನಿಮ್ಮ ಬೇಲಿಯ ಬಳಿ ಅದನ್ನು ನಂಬಿ ಕಾಯುವಷ್ಟರಲ್ಲಿ ಹೂ ಬಂದಿರುತ್ತದೆ. ಬೇಲಿಯ ಆಚೆ ಬದಿ ನೆರೆಯವರದಾದರೆ ಅವರೊಡನೆ ಮಾತಾಡಿ ಒಂದೇ ದಿನ ಎರಡೂ ಬದಿ ಕೀಳಿರಿ.